ಹುಡುಗನ ಸಂಬಳ

ಅನುಮಾನ ನನ್ನ ಹುಟ್ಟುಗುಣ. ತರಕಾರಿಯವನ ತಕ್ಕಡಿಯಿಂದ ಹಿಡಿದು ಆಫೀಸಿನವರ ನಗುವಿನ ತನಕ ಯಾವುದನ್ನೂ ನಾನು ಸುಮ್ಮನೆ ನಂಬಿದವಳಲ್ಲ. ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಆ ವರ್ಷಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನವಿದ್ದದ್ದು ನಮ್ಮ ಮ್ಯಾನೇಜರ್ ಪ್ರತಿ ವರ್ಷ ಸಂಬಳ ಏರಿಸುವ ಅಪ್ರೈಸಲ್ ಮುಗಿದ ಮೇಲೆ ಮೆತ್ತಗೆ ಹೇಳುತ್ತಿದ್ದ ಒಂದು ಮಾತಿನ ಮೇಲೆ: "ಸಂಬಳದ ವಿಷಯ ಯಾರ ಹತ್ರನೂ ಮಾತಾಡ್ಬೇಡಿ." ಒಂದು ವರ್ಷ ನನಗೆ ಏರಿದ್ದು ಅಷ್ಟಕ್ಕಷ್ಟೇ. ಕೇಳಿದ್ದಕ್ಕೆ "ಎಲ್ರಿಗೂ ಇಷ್ಟೇ ಕಣ್ರೀ, ಬಜೆಟ್ ಇಲ್ಲ" ಅಂದರು.

ಅದೇ ಸಮಯಕ್ಕೆ ನನಗೊಂದು ಸಂಬಂಧ ಬಂತು. ಸಿಂಗಸಂದ್ರದ ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿದ್ದ ಅಮ್ಮ, ದಾವಣಗೆರೆಯ ದೊಡ್ಡಮ್ಮನೊಂದಿಗೆ ಫೋನಿನಲ್ಲಿ ಮಾತು ಮುಗಿಸಿ, ಹಿಟ್ಟಿನ ಕೈಯಲ್ಲೇ ಬಂದು ಹುಡುಗನ ಹೆಸರು, ಕಂಪನಿ ಹೇಳಿದಳು. ನನಗೆ ನಗು ಬಂತು. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನೇ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಒಂದೇ ಕ್ಲೈಂಟಿನ ಒಂದೇ ಕೆಲಸ ಮಾಡುವವರು, ಒಂದೇ ಕ್ಯಾಬಿನಲ್ಲಿ ಕೂತು ಹೊಸೂರು ರೋಡಿನ ಟ್ರಾಫಿಕ್ಕಿಗೆ ಶಾಪ ಹಾಕುವವರು. ಆಮೇಲೆ ಅಮ್ಮ ಅವನ ಸಂಬಳವನ್ನೂ ಹೇಳಿದಳು. ನಗು ನಿಂತಿತು. ನನ್ನದಕ್ಕಿಂತ ತಿಂಗಳಿಗೆ ಹದಿನೈದು ಸಾವಿರ ಹೆಚ್ಚು.

"ನಿನಗಿಂತ ಜಾಸ್ತಿ ಐತಿ ನೋಡು. ಗಂಡಿಗೆ ಹಂಗೇ ಇರಬೇಕು," ಎಂದು ಅಮ್ಮನಿಗೆ ಖುಷಿಯೋ ಖುಷಿ.

"ಅವನದೂ ನನ್ನದೂ ಒಂದೇ ಕೆಲಸ ಅಮ್ಮ. ಸುಳ್ಳು ಹೇಳಿದಾರೆ."

"ಹೇಳಿದ್ರೆ ಹೇಳ್ಲಿ ಬಿಡು. ಸಾವಿರ ಸುಳ್ಳು ಹೇಳಿ ಒಂದು ಮದ್ವಿ ಮಾಡು ಅಂತಾರೆ. ನಿಮ್ಮಪ್ಪನ ಮನೆಯವ್ರೂ ಹೊಲ ಜಾಸ್ತಿ ಐತಿ ಅಂದಿದ್ರು."

ಅಮ್ಮನ ಮಾತೇ ನಿಜವಾಗಲಿ ಎಂದು ಬಯಸಿದೆ. ನೋಡಲು ಬರುವ ಹುಡುಗ ಸುಳ್ಳುಗಾರನಾಗಿರಲಿ ಎಂದು ದೇವರಲ್ಲಿ ಬೇಡಿಕೊಂಡ ಹೆಣ್ಣು ನಾನೊಬ್ಬಳೇ ಇರಬೇಕು. ಅವನದು ಸುಳ್ಳಾದರೆ ಒಂದು ಸಂಬಂಧ ತಪ್ಪಿತು, ಅಷ್ಟೇ. ನಿಜವಾದರೆ, ಸೇರಿದಂದಿನಿಂದ ನನಗೆ ಮೋಸವಾಗಿದೆ. ಒಂದೆರಡು ದಿನ ಅವನನ್ನು ಕದ್ದು ಕದ್ದು ಗಮನಿಸಿದೆ: ಅವನ ಫೋನು, ಅವನ ಬ್ಯಾಗು, ಕ್ಯಾಂಟೀನಿನಲ್ಲಿ ದುಡ್ಡು ಕೊಡುವ ರೀತಿ. ಶೂ ಮಾತ್ರ ಸವೆದಿತ್ತು. ಬೇಕೆಂದೇ ಹಳೆಯದು ಹಾಕಿಕೊಂಡು ಬರುತ್ತಾನೇನೋ ಅನ್ನಿಸಿತು.

ಕೊನೆಗೆ ಟೀ ಕುಡಿಯುವಾಗ ನೇರವಾಗಿ ಕೇಳಿಯೇಬಿಟ್ಟೆ. "ನಿಮ್ಮನೇಲಿ ಹೇಳಿರೋ ಸಂಬಳ ನಿಜಾನಾ?"

ಅವನ ಮುಖ ಕೆಂಪಾಯಿತು. ಸಿಕ್ಕಿಬಿದ್ದ ಅಂದುಕೊಂಡೆ.

"ಸಾರಿ ಕಣ್ರೀ. ಅಮ್ಮಂಗೆ ಸರಿಯಾಗಿ ಗೊತ್ತಿಲ್ಲ. ಅವ್ರು ಹೇಳಿರೋದು ಹೋದ ವರ್ಷದ್ದು. ಈಗ ಇನ್ನೂ ಸ್ವಲ್ಪ ಜಾಸ್ತಿ ಆಗಿದೆ," ಎಂದ. ಆಮೇಲೆ ಸಂಕೋಚದಿಂದ, "ನಿಮ್ದೂ ಅಷ್ಟೇ ಇರುತ್ತಲ್ವಾ?" ಎಂದು ಕೇಳಿದ. ಅವನು ನಿಜಕ್ಕೂ ಹಾಗೇ ಅಂದುಕೊಂಡಿದ್ದ. ಅವನ ಮೇಲೆ ಸಿಟ್ಟಾಗುವುದಕ್ಕೂ ಆಗದೆ ಅರ್ಧ ಟೀ ಅಲ್ಲೇ ಬಿಟ್ಟು ಎದ್ದೆ.

ಮಾರನೆಯ ದಿನ ಮ್ಯಾನೇಜರ್ ಕೋಣೆಗೆ ಹೋದೆ. ಇಬ್ಬರದೂ ಒಂದೇ ಕೆಲಸ, ಅವರಿಗೆ ಅಷ್ಟು, ನನಗೆ ಯಾಕೆ ಇಷ್ಟು ಎಂದು ಕೇಳಿದೆ. ಆಗಲೂ ನನಗೊಂದು ಆಸೆಯಿತ್ತು. ಇದೆಲ್ಲ ಶುದ್ಧ ಸುಳ್ಳು ಎಂದು ಅವರು ಬೈದು ಕಳಿಸಿದ್ದರೆ, ಹುಟ್ಟಿದಂದಿನಿಂದ ಯಾರನ್ನೂ ನಂಬದ ನಾನು ಅವರನ್ನು ನಂಬಿಬಿಡುತ್ತಿದ್ದೆ. ಅವರು ಬೈಯಲಿಲ್ಲ. ಎದ್ದು ಬಾಗಿಲು ಹಾಕಿ ಬಂದು ಕೂತರು. ದನಿ ತಗ್ಗಿಸಿ ಕೇಳಿದರು:

"ಯಾರು ಹೇಳಿದ್ದು ನಿಮಗೆ?"