ಡ್ರೈವರ್ ಮಾತು ನಂಬುವ ಮೆಕ್ಯಾನಿಕ್

ಬೆಳಗಿನ ಐದೂಮುಕ್ಕಾಲು. ಐಮಂಗಲದ ಬಳಿ ಹೆದ್ದಾರಿಯ ಸರ್ವಿಸ್ ರಸ್ತೆಗೆ ಅಂಟಿಕೊಂಡಂತಿರುವ ತಗಡಿನ ಶೆಡ್ಡಿನ ಪಕ್ಕ, ಮಣ್ಣಿನ ದಿಣ್ಣೆಯ ಮೇಲೆ ಹತ್ತು ಚಕ್ರದ ಹಳೆಯ ಲಾರಿಯೊಂದು ಮೂತಿ ಮೇಲೆತ್ತಿ ನಿಂತಿದೆ. ಅದರ ಸುತ್ತ ಮೂವರು. ಲಾರಿ ಮಾಲೀಕ ಶಿವಕುಮಾರಪ್ಪ ಚಿತ್ರದುರ್ಗದಿಂದ ಆಗಷ್ಟೇ ಬಂದಿಳಿದಿದ್ದಾರೆ. ಡ್ರೈವರ್ ಗುಡ್ಡಪ್ಪ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ದೂರ ನಿಂತಿದ್ದಾರೆ. ಮೂರನೆಯವರು ಮೆಕ್ಯಾನಿಕ್ ಕಾಟಲಿಂಗಪ್ಪ. ಅವರ ಕೈಯಲ್ಲಿ ಸ್ಪ್ಯಾನರ್ ಇಲ್ಲ, ಟೀ ಲೋಟ ಇದೆ.

"ನೀವೇ ಕೀ ತಿರುವ್ರಿ ಯಜಮಾನ್ರೇ. ಗುಡ್ಡಪ್ಪ ಮುಟ್ಟೋದು ಬ್ಯಾಡ" ಅನ್ನುತ್ತಾರೆ ಅವರು.

ಶಿವಕುಮಾರಪ್ಪ ಕ್ಯಾಬಿನ್ ಹತ್ತಿ ಕೀ ತಿರುಗಿಸುತ್ತಾರೆ. ಸ್ಟಾರ್ಟರ್ ಜೋರಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಎರಡನೇ ಸಲವೂ ಇಲ್ಲ, ಮೂರನೇ ಸಲವೂ ಇಲ್ಲ. ನಾಲ್ಕನೇ ಸಲಕ್ಕೆ ಅವರು ಕೀ ಬಿಟ್ಟು ಕ್ಯಾಬಿನ್ನಿನಿಂದ ಇಳಿಯುತ್ತಾರೆ. ಕೆಳಗೆ ನಿಂತ ಗುಡ್ಡಪ್ಪ ಟವೆಲ್ ಬಿಚ್ಚಿ ಮುಖ ಒರೆಸಿಕೊಳ್ಳುತ್ತಾರೆ. ಲಾರಿ ಸ್ಟಾರ್ಟ್ ಆಗಲಿಲ್ಲವೆಂದು ಸಮಾಧಾನಪಟ್ಟುಕೊಂಡ ಡ್ರೈವರನ್ನು ನಾನು ನೋಡಿದ್ದು ಅದೇ ಮೊದಲು.

ಅದಕ್ಕೆ ಕಾರಣವಿದೆ. ಗುಡ್ಡಪ್ಪನ ಮನೆ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಲ್ಲಿ. ವಾರಕ್ಕೊಮ್ಮೆ ಲಾರಿಯನ್ನು ಮನೆಗೆ ಒಯ್ದು, ಮರುದಿನ ಆ ಕಡೆಯಿಂದಲೇ ಮೆಕ್ಕೆಜೋಳ ತುಂಬಿಕೊಂಡು ಬರುವುದು ಅವರ ರೂಢಿ. ಮನೆ ಹತ್ತಿರ ನಿಲ್ಲಿಸಿದ ಲಾರಿ ಎರಡು ತಿಂಗಳಿಂದ ಬೆಳಿಗ್ಗೆ ಹೊರಡಲೊಲ್ಲೆನೆಂದು ಹಟ ಹಿಡಿಯುತ್ತಿತ್ತು. ಎಂಜಿನ್ನಿಗೆ ಡೀಸೆಲ್ ಎಳೆಯುವ ಕೈಪಂಪು ಒತ್ತಿ ಒತ್ತಿ ಸಾಕಾಗಿ, ಕೊನೆಗೆ ಯಾವಾಗಲೋ ಎಂಜಿನ್ ಹಿಡಿಯುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಅದೇ ಲಾರಿ ಚಿತ್ರದುರ್ಗದಲ್ಲಿ ಮಾಲೀಕರ ಶೆಡ್ಡಿನಲ್ಲಿ ನಿಂತರೆ ಒಂದೇ ಸಲಕ್ಕೆ ಸ್ಟಾರ್ಟ್. ಒಂದು ಗ್ಯಾರೇಜಿನವರು ಬ್ಯಾಟರಿ ಬದಲಿಸಿದರು, ಇನ್ನೊಬ್ಬರು ಡೀಸೆಲ್ ಫಿಲ್ಟರ್ ಬದಲಿಸಿದರು. ಕಾಯಿಲೆ ಹೋಗಲಿಲ್ಲ. ಲೋಡು ನಾಲ್ಕು ಸಲ ತಡವಾಯಿತು. ಮನೆಯಲ್ಲಿ ಮಲಗುವುದಕ್ಕೆ ಗುಡ್ಡಪ್ಪ ಕಥೆ ಕಟ್ಟುತ್ತಿದ್ದಾನೆಂದು ಶಿವಕುಮಾರಪ್ಪ ತೀರ್ಮಾನಿಸಿದರು. ಲೋಡಿಂಗ್ ಜಾಗದಲ್ಲಿ ಹಮಾಲರೆಲ್ಲರ ಎದುರೇ, "ಇನ್ನೊಂದು ಸಲ ಹಿಂಗಾದ್ರೆ ಕೀ ಇಟ್ಟು ನಡಿ" ಎಂದುಬಿಟ್ಟರು.

"ಹತ್ತೊಂಬತ್ತು ವರ್ಷ ಸ್ಟಿಯರಿಂಗ್ ಹಿಡ್ದೀನಿ ಸಾರ್. ಬೈಸ್ಕಂಡಿದ್ದಕ್ಕೆ ಬ್ಯಾಸರ ಇಲ್ಲ. ಸುಳ್ಳ ಅಂದ್ರಲ್ಲ, ಅದು ತಡಿಯಾಕಾಗ್ಲಿಲ್ಲ" ಎನ್ನುತ್ತಾರೆ ಗುಡ್ಡಪ್ಪ. ಕೊನೆಯದಾಗಿ ಐಮಂಗಲದಲ್ಲಿ ಒಮ್ಮೆ ತೋರಿಸೋಣವೆಂದು ಮಾಲೀಕರನ್ನು ಬೇಡಿಕೊಂಡವರೂ ಅವರೇ.

ಹಿಂದಿನ ಸಂಜೆ ಲಾರಿ ಬಂದಾಗ ಕಾಟಲಿಂಗಪ್ಪ ಬಾನೆಟ್ ಎತ್ತಲಿಲ್ಲ. ಗುಡ್ಡಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ? ಮುಂದಿನ ಚಕ್ರ ಮೇಲಿರುತ್ತೋ, ಹಿಂದಿನದೋ? ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿರುತ್ತದೆ? ಬ್ಯಾಟರಿ ಸೋತು ಸ್ಟಾರ್ಟರ್ ನಿಧಾನ ತಿರುಗುತ್ತೋ, ಗಟ್ಟಿಯಾಗಿಯೇ ತಿರುಗಿಯೂ ಎಂಜಿನ್ ಹಿಡಿಯಲ್ಲವೋ? ಕಾಟಲಿಂಗಪ್ಪನ ಹೆಂಡತಿ ಯಶೋದಾ ಪಕ್ಕದಲ್ಲಿ ಕೂತು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಗುಡ್ಡಪ್ಪನ ಮನೆಯ ಮುಂದಿನ ರಸ್ತೆ ಏರು ಎಂಬ ಮಾತು ಬಂದಾಗ ಕಾಟಲಿಂಗಪ್ಪ ಕೈಯೆತ್ತಿ ನಿಲ್ಲಿಸಿದರು. "ಬರ್ಕ, ಏರು ಅಂತ ದೊಡ್ಡದಾಗಿ ಬರ್ಕ" ಎಂದರು ಹೆಂಡತಿಗೆ. ಆಮೇಲೆ ಡೀಸೆಲ್ ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ಒಂದು ತುದಿಗೆ ಗೇಣುದ್ದದ ಪಾರದರ್ಶಕ ಪ್ಲಾಸ್ಟಿಕ್ ಪೈಪು ಸೇರಿಸಿ, ಗಾಡಿಯನ್ನು ದಿಣ್ಣೆಗೆ ಹತ್ತಿಸಿ ನಿಲ್ಲಿಸಿದರು. ಬೆಳಿಗ್ಗೆ ಬರಬೇಕೆಂದು ಶಿವಕುಮಾರಪ್ಪನಿಗೆ ಫೋನ್ ಮಾಡಿದರು.

ಈಗ ಟಾರ್ಚ್ ಹಿಡಿದು ಅದೇ ಪೈಪನ್ನು ಮಾಲೀಕರಿಗೆ ತೋರಿಸುತ್ತಿದ್ದಾರೆ. ನಿನ್ನೆ ಡೀಸೆಲ್ ತುಂಬಿದ್ದ ಪೈಪು ಇಂದು ಖಾಲಿ. "ಇದ್ರಾಗೆ ಈಗ ಇರಾದು ಗಾಳಿ. ಎಲ್ಲೋ ಕೂದಲೆಳೆಯಂಗೆ ಸೀಳೈತೆ. ಅಲ್ಲಿಂದ ಗಾಳಿ ಒಳಗೆ ಹೋಗ್ತೈತೆ, ಡೀಸೆಲ್ ಇಳಿಜಾರಿಗೆ ಹಿಂದಕ್ಕೆ ಟ್ಯಾಂಕಿಗೆ ಹೋಗ್ತೈತೆ. ನಿಮ್ಮ ಶೆಡ್ಡು ಸಮತಟ್ಟು, ಅಲ್ಲಿ ಟ್ಯಾಂಕೂ ತುಂಬಿರ್ತೈತೆ. ಅದಕ್ಕೇ ಅಲ್ಲಿ ತೊಂದ್ರೆ ಇಲ್ಲ. ಹೊರಗೆ ಒಂದು ತೊಟ್ಟೂ ಸೋರಲ್ಲ, ಅದಕ್ಕೇ ಯಾರಿಗೂ ಕಂಡಿಲ್ಲ."

ಸೀಳು ಹುಡುಕಲು ಇನ್ನೊಂದು ಗಂಟೆ ಬೇಕಾಗುತ್ತದೆ. ಪೈಪಿನ ಎರಡೂ ತುದಿ ಬಿಚ್ಚಿ, ಒಂದನ್ನು ಮುಚ್ಚಿ, ಇನ್ನೊಂದರಿಂದ ಮೆಲ್ಲಗೆ ಗಾಳಿ ತುಂಬಿ, ಉದ್ದಕ್ಕೂ ಸೋಪಿನ ನೊರೆ ಸವರುತ್ತಾರೆ. ಲಾರಿಯ ಕೆಳಗೆ ಅಂಗಾತ ಮಲಗಿ ಇಂಚಿಂಚೂ ನೋಡುತ್ತಾರೆ. ಪೈಪನ್ನು ಲಾರಿಯ ಚೌಕಟ್ಟಿಗೆ ಬಿಗಿದ ಪಟ್ಟಿಯೊಂದರ ಅಡಿಯಿಂದ ಗುಳ್ಳೆಗಳು ಸಾಲಾಗಿ ಏಳುತ್ತವೆ. ಪಟ್ಟಿ ಬಿಚ್ಚಿ ಗ್ರೀಸ್ ಒರೆಸಿದರೆ, ಉಜ್ಜಿ ಉಜ್ಜಿ ಸವೆದ ಜಾಗದಲ್ಲಿ ಉಗುರಿನಷ್ಟು ಉದ್ದದ ಸೀಳು. "ಬರ್ರಿ ಯಜಮಾನ್ರೇ, ನೋಡ್ರಿ. ಗುಡ್ಡಪ್ಪ ಹೇಳಿದ್ದು ಇದೇಯ" ಎಂಬ ದನಿ ಲಾರಿಯ ಅಡಿಯಿಂದ ಬರುತ್ತದೆ. ಶಿವಕುಮಾರಪ್ಪ ಬಿಳಿ ಪಂಚೆ ಎತ್ತಿಕಟ್ಟಿ, ಮಣ್ಣಿನಲ್ಲಿ ಮೊಣಕಾಲೂರಿ ನೋಡುತ್ತಾರೆ.

ಐವತ್ತಮೂರರ ಕಾಟಲಿಂಗಪ್ಪ ಹುಟ್ಟಿದ್ದು ಹಿರಿಯೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ, ಕುರಿ ಕಾಯುವ ಮನೆಯಲ್ಲಿ. ಐದನೇ ತರಗತಿಗೆ ಶಾಲೆ ಬಿಟ್ಟರು. ಹದಿನೇಳಕ್ಕೆ ಲಾರಿ ಕ್ಲೀನರ್ ಆದರು. ಇಪ್ಪತ್ತಕ್ಕೆ ಹಿರಿಯೂರಿನ ಗ್ಯಾರೇಜು ಸೇರಿ ಕೆಲಸ ಕಲಿತರು. ಮೂವತ್ತು ವರ್ಷ ಎಂಜಿನ್ ಸದ್ದು ಕೇಳಿ ಬಲಗಿವಿ ಮಂದವಾಗಿದೆ. ಚಳಿಗಾಲದಲ್ಲಿ ನೆಲದ ಮೇಲೆ ಮಲಗಿ ಎದ್ದರೆ ಸೊಂಟ ನೆಟ್ಟಗಾಗಲು ಹೊತ್ತು ಹಿಡಿಯುತ್ತದೆ. ದಿನಕ್ಕೆ ಆರೇಳು ಗಾಡಿ ಬರುತ್ತವೆ. ಅದರಲ್ಲಿ ಒಂದಾದರೂ ಇಂಥದ್ದು: ಒಮ್ಮೆ ಸ್ಟಾರ್ಟ್ ಆಗುವ, ಒಮ್ಮೆ ಆಗದ ಗಾಡಿ. ಬೇರೆ ಗ್ಯಾರೇಜಿನವರೂ ಈಗ ಅಂಥವನ್ನು ಇಲ್ಲಿಗೇ ಕಳಿಸುತ್ತಾರೆ.

ಡ್ರೈವರನ್ನು ಮೊದಲು ಕೇಳುವ ಪಾಠವನ್ನು ಅವರಿಗೆ ಯಾವ ಗುರುವೂ ಕಲಿಸಲಿಲ್ಲ. ಅವರಿಗೆ ಇಪ್ಪತ್ತಮೂರು ವಯಸ್ಸಾಗಿದ್ದಾಗ ಹೊಸದುರ್ಗದ ತಿಮ್ಮರಾಯಪ್ಪ ಎಂಬ ಡ್ರೈವರ್ ಇಂಥದೇ ದೂರು ತಂದಿದ್ದರು. ಗ್ಯಾರೇಜಿನಲ್ಲಿ ಮೂರು ಸಲ ಕೀ ತಿರುಗಿಸಿದರೂ ಗಾಡಿ ಸ್ಟಾರ್ಟ್ ಆಯಿತು. "ಗಾಡಿ ಸರಿ ಐತೆ" ಎಂದು ಕಾಟಲಿಂಗಪ್ಪ ಮಾಲೀಕರಿಗೆ ಹೇಳಿಬಿಟ್ಟರು. ತಿಮ್ಮರಾಯಪ್ಪನ ಕೆಲಸ ಹೋಯಿತು. ಎರಡು ತಿಂಗಳ ನಂತರ ಅದೇ ಗಾಡಿ ಬೇರೆ ಡ್ರೈವರ್ ಜೊತೆ ಬಂತು. ಬಿಚ್ಚಿ ನೋಡಿದರೆ ಎಂಜಿನ್ನಿನ ಅರ್ಥಿಂಗ್ ವೈರಿನ ಬೋಲ್ಟು ತುಕ್ಕು ಹಿಡಿದು ಸಡಿಲವಾಗಿತ್ತು; ವೈರು ಒಮ್ಮೆ ತಾಗುತ್ತಿತ್ತು, ಒಮ್ಮೆ ಇಲ್ಲ.

"ಅವತ್ತು ಉಣ್ಣಾಕಾಗ್ಲಿಲ್ಲ ಸಾರ್. ಮಾರನೆ ದಿನ ಬಸ್ ಹತ್ತಿ ಹೊಸದುರ್ಗಕ್ಕೆ ಹೋದೆ. ತಿಮ್ಮರಾಯಪ್ಪ ಹೋಟ್ಲಾಗೆ ತಟ್ಟೆ ತೊಳೀತಿದ್ರು. ‘ತಪ್ಪು ನಂದಣ್ಣ’ ಅಂದೆ. ಅವರು ಕೈ ಒರೆಸ್ಕಂಡು ಒಂದು ಟೀ ತಂದು ಕೊಟ್ರು. ಬೈದಿದ್ರೆ ಮರೀತಿದ್ನೇನೋ."

ಕಾಟಲಿಂಗಪ್ಪ ಅಲ್ಲಿಂದ ನೇರ ಆ ಮಾಲೀಕರ ಮನೆಗೆ ಹೋಗಿ ನಡೆದದ್ದನ್ನು ಒಪ್ಪಿಕೊಂಡರು. ತಿಮ್ಮರಾಯಪ್ಪನಿಗೆ ಕೆಲಸ ಮರಳಿ ಸಿಕ್ಕಿತು. ಸ್ವಂತ ಶೆಡ್ಡು ಹಾಕಿದ ಮೇಲೆ ಎಸ್ಸೆಸ್ಸೆಲ್ಸಿ ಓದಿದ್ದ ಯಶೋದಾ ಡ್ರೈವರುಗಳ ಮಾತು ಬರೆದಿಡಲು ಶುರುಮಾಡಿದರು. ಈಗ ಹದಿನಾಲ್ಕು ನೋಟ್‌ಬುಕ್ ತುಂಬಿವೆ. "ಇವ್ರಿಗೆ ಗಾಡಿ ಹೆಸ್ರು ನೆನಪಿರ್ತೈತೆ, ಡ್ರೈವರ್ ಹೆಸ್ರು ನಾನೇ ಹೇಳ್ಬೇಕು" ಎಂದು ನಗುತ್ತಾರೆ ಯಶೋದಾ. ಹೊಸ ಗಾಡಿಗಳಿಗೆಂದು ನಲವತ್ತೆಂಟನೇ ವಯಸ್ಸಿನಲ್ಲಿ ಕಾಟಲಿಂಗಪ್ಪ ಎಂಜಿನ್ನಿನ ದೋಷ ತೋರಿಸುವ ಸ್ಕ್ಯಾನರ್ ಬಳಸುವುದನ್ನೂ ಕಲಿತರು. "ಮಿಷಿನ್ನು ಒಳ್ಳೇದೇ. ಆದ್ರೆ ಗಾಡಿ ಎಲ್ಲಿ ಮಲಗಿತ್ತು ಅಂತ ಅದಕ್ಕೆ ಗೊತ್ತಿರಲ್ಲ. ಡ್ರೈವರಿಗೆ ಗೊತ್ತಿರ್ತೈತೆ."

ಹೊಸ ಪೈಪು ಹಾಕಿ ಮುಗಿಯುವಾಗ ಹತ್ತು ಗಂಟೆ. ಸಂಜೆಯವರೆಗೂ ಲಾರಿಯನ್ನು ಅದೇ ದಿಣ್ಣೆಯ ಮೇಲೆ, ಅದೇ ಭಂಗಿಯಲ್ಲಿ ನಿಲ್ಲಿಸಲಾಗುತ್ತದೆ. ಐದು ಗಂಟೆಗೆ ಗುಡ್ಡಪ್ಪ ಕೀ ತಿರುಗಿಸುತ್ತಾರೆ. ಮೊದಲ ಸುತ್ತಿಗೇ ಎಂಜಿನ್ ಗುಡುಗುತ್ತದೆ. ಶಿವಕುಮಾರಪ್ಪ ಬಾಗಿಲ ಬಳಿ ಹೋಗಿ, ಸದ್ದಿನ ಮೇಲೆ ದನಿಯೆತ್ತಿ ಹೇಳುತ್ತಾರೆ: "ಗುಡ್ಡಪ್ಪ, ಜನದ ಮುಂದೆ ಬೈದಿದ್ದೆ. ನಾಳೆ ಲೋಡಿಂಗಿಗೆ ನಾನೂ ಬತ್ತೀನಿ. ಅದೇ ಜನದ ಮುಂದೆ ತಪ್ಪಾಯ್ತು ಅಂತೀನಿ." ಗುಡ್ಡಪ್ಪ ಪಕ್ಕದ ಸೀಟಿನ ಮೇಲಿದ್ದ ಚೀಲ ತೆಗೆದು ಹಿಂದಕ್ಕಿಟ್ಟು, "ಹತ್ರಿ ಯಜಮಾನ್ರೇ, ಹೋಗಾಣ" ಎನ್ನುತ್ತಾರೆ.

ಲಾರಿ ಹೆದ್ದಾರಿ ಸೇರಿದ ಮೇಲೆ ಕಾಟಲಿಂಗಪ್ಪನನ್ನು ಕೇಳುತ್ತೇನೆ: ಇಷ್ಟು ವರ್ಷದಲ್ಲಿ ನಿಮಗೂ ಸಿಗದೇ ಹೋದ ಕಾಯಿಲೆ ಇದೆಯೇ? ಅವರು ತಡಮಾಡದೆ ಎರಡು ಬೆರಳು ತೋರಿಸಿ, ಒಂದನ್ನು ಮಡಚುತ್ತಾರೆ.

"ಎರಡಿದ್ವು. ಒಂದನ್ನ ಹೋದ ವರ್ಷ ಭರಮಸಾಗರದಾಗೆ ಕಂಡೆ, ಅಡ್ಡ ನಿಂತು ನಿಲ್ಲಿಸಿ ಸರಿ ಮಾಡ್ದೆ. ಇನ್ನೊಂದು ಟಿಪ್ಪರು, ಮೂರು ವರ್ಷ ಆತು, ಕಣ್ಣಿಗೇ ಬಿದ್ದಿಲ್ಲ. ನಂಬರ್ ಬಾಯಾಗೇ ಐತೆ. ಪೇಪರಿನಾಗೆ ಹಾಕ್ರಿ ಬೇಕಾದ್ರೆ: ಆ ಡ್ರೈವರ್ ಒಂದು ಸಲ ಬರ್ಲಿ. ಈ ಸಲ ಹಂಗೇ ಕಳ್ಸಲ್ಲ."