ಮತ್ತೆ ಕಡಲಿಗಿಳಿಯದ ಬಲೆ

ಟುನೀಸಿಯಾದ ಮಹದಿಯಾ ಊರಾಚೆಯ, ದೋಣಿಗಳು ನಿಲ್ಲುವ ಸಣ್ಣ ದಕ್ಕೆ. ಬೆಳಗಿನ ಬಾಂಗು ಈಗಷ್ಟೇ ಮುಗಿದಿದೆ. ಕಲ್ಲಿನ ಮೇಲೆ ಕಾಲು ಚಾಚಿ ಕೂತ ಹಲೂಮಾ, ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಸೂಜಿ ಓಡಿಸುತ್ತಿದ್ದಾರೆ. ಪಕ್ಕದಲ್ಲಿ ಕಪ್ಪು ಶಾಲಿನ ನಾಜಿಹಾ, ನಾಲಗೆ ಕಚ್ಚಿಕೊಂಡು, ಅದೇ ಕೆಲಸದಲ್ಲಿದ್ದಾರೆ.

"ಇದೇನಮ್ಮ ಗಂಟು? ಬೂತಾಯಿ ಮೀನು ಹಾಗಿರಲಿ, ತಿಮಿಂಗಿಲವೂ ಸಲಾಂ ಹೇಳಿ ಆಚೆ ಹೋಗುತ್ತೆ!"

"ಬಿಚ್ಚಿ ಹಾಕ್ತೀನಿ ಬಿಡಿ ಖಾಲ್ತಿ. ಬೆಳಗ್ಗೆಬೆಳಗ್ಗೇನೇ ಬೈಬೇಡಿ."

ಹಲೂಮಾ ಊರಿಗೆಲ್ಲ ಖಾಲ್ತಿ, ಚಿಕ್ಕಮ್ಮ. ದಿನಕ್ಕೆ ಮೂರು ದೋಣಿಗಳ ಹರಿದ ಬಲೆ ಅವರ ಮಡಿಲಿಗೆ ಬರುತ್ತದೆ. ಗಂಡ ಕಡಲಲ್ಲೇ ಹೋದವರು, ಸಿಗಲೇ ಇಲ್ಲ. "ಹಬ್ಬಕ್ಕೆ ಎಲ್ಲರೂ ಗೋರಿಗೆ ನೀರು ಚಿಮುಕಿಸ್ತಾರೆ. ನಾನು ಎಲ್ಲಿಗೆ ಹೋಗಲಿ?" ಎನ್ನುತ್ತಾರೆ.

ಹೋದ ವರ್ಷ ವಾಯುಪಡೆಯ ಜೆಟ್ಟೊಂದು ತಾಲೀಮಿನ ವೇಳೆ ಇದೇ ಕಡಲಿಗೆ ಬಿತ್ತು. ಹಾರಿಸುತ್ತಿದ್ದವನು ನಾಜಿಹಾರ ಮಗ ರಮ್ಜಿ. ಊರಿನ ದೋಣಿಗಳೆಲ್ಲ ಹುಡುಕಲು ಹೊರಟವು. ವಿಮಾನದ ಚೂರುಗಳಿಗೆ ಸಿಕ್ಕಿ ಬಲೆಗಳು ಚಿಂದಿಯಾಗಿ ಬರುತ್ತಿದ್ದವು. ಬೆಳಗಾಗುವುದರೊಳಗೆ ಹಲೂಮಾ ಸರಿಮಾಡಿ ಕೊಡುತ್ತಿದ್ದರು. ನೆರೆಯವರು ಅವರ ಹೊಸ್ತಿಲಲ್ಲಿ ಬಿಸಿ ರೊಟ್ಟಿ ಇಟ್ಟು ಸದ್ದಿಲ್ಲದೆ ಹೋಗುತ್ತಿದ್ದರು. ಕಡೆಗೊಂದು ದಿನ, ಹಲೂಮಾ ಸರಿಮಾಡಿದ, ಮೀನುಗಾರ ಶದ್ಲಿಯ ಬಲೆಯಲ್ಲಿ ರಮ್ಜಿ ಸಿಕ್ಕ. ತಾಯಿಗೆ ಮಣ್ಣು ಮಾಡಲು ಮಗನಾದರೂ ಸಿಕ್ಕ.

ಹೆಣ ತಂದ ಬಲೆ ಮತ್ತೆ ಕಡಲಿಗಿಳಿಯಬಾರದು, ಇದು ಈ ದಕ್ಕೆಯ ಕಟ್ಟಳೆ. ಶದ್ಲಿ ಇದ್ದೊಂದು ಬಲೆಯನ್ನು ತೊಳೆದು, ಹೂತು, ಬೇರೆಯವರ ದೋಣಿಯಲ್ಲಿ ಆಳಾದರು. "ಆ ತಾಯಿಗೆ ಯಾರೂ ಹೇಳಬೇಡಿ" ಎಂದಿದ್ದರು.

ಉಪಕಾರ ನೆನೆಯಲು ಬಂದ ನಾಜಿಹಾ, ಆ ಬಲೆಯನ್ನೊಮ್ಮೆ ಮುಟ್ಟಬೇಕೆಂದರು. ಹಲೂಮಾಗೆ ಸುಳ್ಳು ಬಾಯಿಗೆ ಬರಲಿಲ್ಲ. "ಅದೂ ಮಣ್ಣಿಗೆ ಹೋಯಿತು ತಾಯಿ. ಶದ್ಲಿ ಈಗ ಬೇರೆಯವರ ದೋಣೀಲಿ ಆಳು." ಮರುವಾರ ನಾಜಿಹಾ ಬಂದು ಪಕ್ಕದಲ್ಲಿ ಕೂತರು. "ಹೊಸದು ಹೆಣೆಯೋಣ. ನನಗೂ ಕಲಿಸಿ."

ನಾಳೆ ಮೀನಿನ ಹಂಗಾಮು ಶುರು. ಇಂದು ಬಲೆ ಮುಗಿಯದಿದ್ದರೆ ಶದ್ಲಿ ಈ ವರ್ಷವೂ ಆಳೇ. ಬಿಸಿಲೇರುವ ಹೊತ್ತಿಗೆ ಕೊನೆಯ ಗಂಟು ಬೀಳುತ್ತದೆ. ಶದ್ಲಿ ಬಂದು ಬಲೆಯ ಮೇಲೆ ಕೈಯಾಡಿಸುತ್ತಾರೆ.

"ಖಾಲ್ತಿ, ಈ ಮೂಲೆ ಸೊಟ್ಟಗಿದೆಯಲ್ಲ?"

ನಾಜಿಹಾ ತಲೆ ತಗ್ಗಿಸುತ್ತಾರೆ.

"ಸೊಟ್ಟಗಿದ್ರೆ ಮೀನು ಬೇಜಾರು ಮಾಡ್ಕೊಳ್ಳುತ್ತಾ? ಎಳೆದು ನೋಡಿದೀನಿ, ಗಟ್ಟಿಯಾಗಿದೆ. ಹೊರು!" ಎನ್ನುತ್ತಾರೆ ಹಲೂಮಾ.

ಶದ್ಲಿಯ ದೋಣಿಗೆ ಬಲೆ ಏರುವುದನ್ನು ಇಬ್ಬರೂ ನೋಡುತ್ತಾರೆ. ಬದಲಿಗೆ ಏನು ಬೇಕೆಂದು ಶದ್ಲಿ ಕೇಳಿದರೆ ಹಲೂಮಾ ಸೂಜಿಯನ್ನು ಶಾಲಿನ ತುದಿಯಲ್ಲಿ ಒರೆಸುತ್ತಾರೆ.

"ಈ ಬಲೆ ಹರಿದ್ರೆ ಮೀನಿನ ಭಾರಕ್ಕೇ ಹರೀಲಿ. ಕೂತು ಸರಿಮಾಡೋಕೆ ಈಗ ಇಬ್ಬರಿದೀವಿ."