ರಸ್ತೆಗೆ ತೆರೆದ ಬಾಗಿಲುಗಳ ಲೆಕ್ಕ

ಬೆಳಗಿನ ಆರು ಗಂಟೆ. ರಸ್ತೆ ಬದಿಯ ಹಳೇ ವ್ಯಾನು ಕೆಟ್ಟು ನಿಂತಂತೆ ಕಾಣುತ್ತದೆ. ಕೆಟ್ಟಿಲ್ಲ. ಹಿಂದಿನ ಸೀಟಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಪರದೆಯ ಸಂದಿಯಿಂದ ವೇಗ ಅಳೆಯುವ ಗನ್ ಚಾಚಿ ಕೂತಿದ್ದಾರೆ. ಅರವತ್ತೊಂದು. ಐವತ್ತೆಂಟು. ಎಪ್ಪತ್ನಾಲ್ಕು. ತೊಡೆಯ ಮೇಲಿನ ಹಾಳೆ ತುಂಬುತ್ತಿದೆ. ರಸ್ತೆ ಇಲಾಖೆಯಲ್ಲಿ ಇವರು ಎಲ್ಲರಿಗೂ ಎಣಿಕೆಯಮ್ಮ.

"ಕಾಣೋ ಹಾಗೆ ನಿಂತ್ರೆ ಎಲ್ರೂ ಸಾಧುಗಳಾಗ್ಬಿಡ್ತಾರೆ," ಎನ್ನುತ್ತಾರೆ. ಹೊಸತರಲ್ಲಿ ಚಳಿಗೆಂದು ಮಿಂಚುವ ಜಾಕೆಟ್ ತೊಟ್ಟು ರಸ್ತೆಯಂಚಿಗೇ ನಿಂತಿದ್ದರಂತೆ. ಆ ದಿನದ ಲೆಕ್ಕವೆಲ್ಲ ಕಸಕ್ಕೆ ಹೋಯಿತು.

ಹತ್ತೊಂಬತ್ತು ವರ್ಷದ ಕೆಲಸ. ದಿನಕ್ಕೆ ಮುನ್ನೂರು ವಾಹನ. ಅಳೆಯುವಾಗ ವ್ಯಾನಿನಿಂದ ಇಳಿಯುವ ಹಾಗಿಲ್ಲವಾದ್ದರಿಂದ ನಾಲ್ಕು ಗಂಟೆ ನೀರು ಮುಟ್ಟುವುದಿಲ್ಲ. ಬಲಭುಜ ಹಿಡಿದುಕೊಂಡಿದೆ.

ಪತ್ರಿಕೆಗೆ ಬರೆಯಲೆಂದು ಅವರ ಜೊತೆ ವ್ಯಾನಿನಲ್ಲಿ ಕೂತ ನಾನು ವೇಗಮಿತಿ ಹುಟ್ಟುವ ಬಗೆ ಕೇಳಿ ದಂಗಾದೆ. ನೂರು ವಾಹನ ಅಳೆಯಬೇಕು. ಅತಿ ವೇಗದ ಹದಿನೈದನ್ನು ಹೊಡೆದು ಹಾಕಬೇಕು. ಉಳಿದವುಗಳಲ್ಲಿ ಎಲ್ಲಕ್ಕಿಂತ ಜೋರಾಗಿ ಹೋದದ್ದರ ಆಸುಪಾಸಿಗೆ ಬೋರ್ಡಿನ ಅಂಕಿ. ಯಾರೋ ತಿಳಿದವರು ದೊಡ್ಡ ಮೇಜಿನ ಮುಂದೆ ಕೂತು ಬರೆಯುತ್ತಾರೆ ಅಂದುಕೊಂಡಿದ್ದೆ. ಬರೆಯುತ್ತಿರುವುದು ನಾವು, ಮಕ್ಕಳನ್ನು ಶಾಲೆಗೆ ಬಿಡುವ ಅವಸರದಲ್ಲಿ, ಕಾಲಿನಿಂದ.

ಈ ರಸ್ತೆ ಕಡತದಲ್ಲಿ ಇನ್ನೂ ಊರಾಚೆಯ ಹೆದ್ದಾರಿ. ಈಗಿನ ಮಿತಿ ಐವತ್ತು. ಈ ವಾರದ ಲೆಕ್ಕ ಎಪ್ಪತ್ತು ತೋರಿಸುತ್ತಿದೆ, ಬೋರ್ಡೂ ಎಪ್ಪತ್ತಾಗುತ್ತದೆ. ಇದೇ ರಸ್ತೆಯಲ್ಲಿ ಎಣಿಕೆಯಮ್ಮನ ಅಕ್ಕನ ಮನೆಯಿದೆ. ಔಷಧಿ ತರಲು ರಸ್ತೆ ದಾಟುವಾಗ ವಾಹನ ಬಡಿದು, ಭಾವ ಕಳೆದ ವರ್ಷದಿಂದ ಊರುಗೋಲು ಹಿಡಿದಿದ್ದಾರೆ.

ತಪ್ಪಿಸಲು ಒಂದೇ ದಾರಿ. ಇದು ವಸತಿ ಬೀದಿ ಎಂದಾದರೆ ವಾಹನದ ಲೆಕ್ಕ ನಡೆಯದು. ಮಿತಿ ಮೂವತ್ತು, ಮಾತಿಲ್ಲ. ಅದಕ್ಕೆ ಇನ್ನೂರು ಮೀಟರಿನೊಳಗೆ ನಲವತ್ತು ಬಾಗಿಲು ರಸ್ತೆಗೆ ತೆರೆಯಬೇಕು. ಎಣಿಕೆಯಮ್ಮ ನಡೆದು ಎಣಿಸಿದರು. ಮೂವತ್ತಾರು.

ಇಷ್ಟೊಂದು ಮನೆಗೆ ಇಷ್ಟೇ ಬಾಗಿಲೇ ಎಂದು ಹತ್ತಿರ ಹೋಗಿ ನೋಡಿದೆವು. ಹನ್ನೊಂದು ಮುಂಬಾಗಿಲಿಗೆ ಒಳಗಿನಿಂದ ಮೊಳೆ ಹೊಡೆದಿದೆ. ಮಕ್ಕಳು ರಸ್ತೆಗೆ ಓಡಿಯಾರೆಂದು ಹೆದರಿ ಜನ ಹಿಂದಿನ ಓಣಿಯಿಂದ ಓಡಾಡುತ್ತಿದ್ದಾರೆ. ವೇಗಕ್ಕೆ ಹೆದರಿ ಬಾಗಿಲು ಮುಚ್ಚಿದರು. ಮುಚ್ಚಿದ ಕಾರಣಕ್ಕೇ ಅವರ ರಸ್ತೆಗೆ ಇನ್ನಷ್ಟು ವೇಗ ಮಂಜೂರಾಗಲಿದೆ.

"ನಲವತ್ತು ಅಂತ ಬರೆದ್ರೆ ನಿನ್ನ ಕೈ ಸವೆದುಹೋಗುತ್ತಾ?" ಅಕ್ಕ ಚುಚ್ಚುತ್ತಾರೆ.

"ಒಂದು ಸುಳ್ಳು ಸಿಕ್ರೆ ನಾನು ಬರೆದ ಬೋರ್ಡೆಲ್ಲಾ ಸುಳ್ಳಾಗುತ್ತೆ ಕಣಕ್ಕಾ. ನೀನು ಮೊಳೆ ಕೀಳು, ನಾನು ಎಣಿಸ್ತೀನಿ."

ಅಕ್ಕ ಬೈಯುತ್ತಲೇ ಸುತ್ತಿಗೆ ಹುಡುಕುತ್ತಾರೆ. ಆಚೀಚೆಯ ಎರಡು ಮನೆಯವರೂ ಕೀಳುತ್ತಾರೆ. ಮೂವತ್ತೊಂಬತ್ತು. ಉಳಿದವರು ಆಗದು ಎಂದು ತಲೆಯಾಡಿಸುತ್ತಾರೆ. ಎರಡು ವರ್ಷದ ಮಗುವಿನ ತಾಯಿಯೊಬ್ಬರು ನೇರವಾಗಿ ಕೇಳುತ್ತಾರೆ: "ಇವಳು ಓಡಿದ್ರೆ ನೀವು ಹಿಡೀತೀರಾ?"

ಎಣಿಕೆಯಮ್ಮ ಒತ್ತಾಯ ಮಾಡುವುದಿಲ್ಲ. "ಹಿಡೀತೀನಿ ಅಂತ ಹೇಳೋಕೆ ನಂಗೆ ಯೋಗ್ಯತೆ ಇಲ್ಲಮ್ಮ," ಎಂದು ಹೊರಟುಬಿಡುತ್ತಾರೆ.

ಹಾಳೆ ಒಪ್ಪಿಸುವ ದಿನ ಬೆಳಿಗ್ಗೆ ಕೊನೆಯ ಎಣಿಕೆ. ಆ ಮಗುವಿನ ಮನೆಯ ಮುಂಬಾಗಿಲು ಕಿರುಗುಟ್ಟುತ್ತದೆ. ತಾಯಿ ಹೊಸ್ತಿಲ ಮೇಲೆ ಕೂತಿದ್ದಾರೆ, ಮಗುವಿನ ಫ್ರಾಕಿನ ಬೆನ್ನನ್ನು ಎರಡು ಸುತ್ತು ಮುಷ್ಟಿಗೆ ಸುತ್ತಿಕೊಂಡು. ಲಾರಿಯೊಂದು ಹಾದಾಗ ಇಬ್ಬರ ಕೂದಲೂ ಮುಖಕ್ಕೆ ಹಾರುತ್ತದೆ. ನಾನು ಕಣ್ಣು ಮುಚ್ಚಿಬಿಡುತ್ತೇನೆ.

"ಬೇಗ ಬರ್ಕೊಳ್ಳಿ," ಎನ್ನುತ್ತಾರೆ ತಾಯಿ.

ಎಣಿಕೆಯಮ್ಮ ಬರೆದುಕೊಳ್ಳುತ್ತಾರೆ. ಆಮೇಲೆ ವ್ಯಾನಿಗೆ ಬಂದು ಹಾಳೆಯನ್ನು ನನ್ನತ್ತ ತಿರುಗಿಸುತ್ತಾರೆ.

"ಅವಸರಕ್ಕೆ ಗೀಚಿದೆ. ನಲವತ್ತು ಮಾತ್ರ ನೆಟ್ಟಗೆ ಬಂದಿದೆ, ನೋಡಿ."